ತಮ್ಮೊಳಗೆ ಹೊಕ್ಕ ಗಾಳಿಯ ವಿಚಾರವಾಗಿ

ಸದ್ಯ ನನ್ನ ಷಡ್ಡಕನ ಮನೆಯಂಗಳದಲ್ಲಿ, ಅವನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಹುಲ್ಲುಹಾಸಿನ ಮೇಲೆ ಎಣ್ಣೆ ತೊಟ್ಟಿಕ್ಕಿಸುತ್ತ, ಎಡಕ್ಕೆ ಕೊಂಚ ವಾಲಿ ಬಿಜಯಂಗೈದಿರುವ ಹಿರಿಯ ಡೀಸೆಲ್ ಪಿಕಪ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಬಾನೆಟ್ಟಿನೊಳಗೆ ತಲೆ ತೂರಿಸಿ, ತಮ್ಮ ಹೊಟ್ಟೆಯಡಿ ಗೋಣಿಚೀಲ ಹಾಸಿ, ಬಾಳಿನ ಎಷ್ಟೋ ಭಾನುವಾರಗಳನ್ನು ತಮ್ಮ ಸೇವೆಯಲ್ಲೇ ಸವೆಸಿರುವ ಈ ಬಡಗಿಯು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದರೆ ಬೋರಲು ಮಲಗುವುದು ವಾಡಿಕೆ. ತಮ್ಮ ವಿಷಯದಲ್ಲಿ ಅಂಗಾತ ಮಲಗಬೇಕಾಗುತ್ತದೆ, ಮತ್ತು ಪ್ರಸಾದ ನೇರವಾಗಿ ಕಣ್ಣಿಗೇ ಬೀಳುತ್ತದೆ ಎಂಬುದಷ್ಟೇ ವ್ಯತ್ಯಾಸ.

ತಾವು ಅಲ್ಲಿ ಕ್ಷೇಮವೆಂದು ಭಾವಿಸಿದ್ದೇನೆ. ನಾನಿಲ್ಲಿ ಕ್ಷೇಮವಾಗಿಲ್ಲ. ತಾವು ಹೋದಂದಿನಿಂದ ಮರದ ಅಡ್ಡೆಯಿಂದ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದೇನೆ, ತಿರುವಿನಲ್ಲಿ ನಾನು ಹೊರಳಿದಾಗಲೆಲ್ಲ ಹಲಗೆಯ ಹಿಂತುದಿ ಯಾರದಾದರೂ ತಲೆ ಹುಡುಕಿಕೊಂಡು ಹೋಗುತ್ತದೆ, ಮತ್ತು ದಾರಿಯಲ್ಲಿ ಸಿಕ್ಕವರೆಲ್ಲ "ಗಾಡಿ ಎಲ್ಲಿ ಹೋಯ್ತು?" ಎಂದು ಕೇಳುತ್ತಾರೆ. ಇದೇ ಜನ ಹೋದ ತಿಂಗಳವರೆಗೂ "ಇನ್ನೂ ಇದೆಯಾ ಆ ಗಾಡಿ?" ಎಂದು ಕೇಳುತ್ತಿದ್ದರು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಗಾಡಿ ನೆಂಟರ ಮನೆಗೆ ಹೋಗಿದೆ ಎಂದು ಹೇಳಿ ಮಾನ ಉಳಿಸಿಕೊಂಡಿದ್ದೇನೆ.

ದೂರು ಹೇಳುವ ಮೊದಲು ತಮ್ಮ ಗುಣಗಾನ ಮಾಡುವುದು ನನ್ನ ಧರ್ಮ. ತಮ್ಮನ್ನು ಓಡಿಸುತ್ತಿದ್ದ ಮಾವನವರು ತೀರಿಕೊಂಡ ಮೇಲೆ ಅತ್ತೆಯವರ ಜೊತೆ, ಅವರ ಹಸುವಿನ ಜೊತೆ, ಹಸುವನ್ನು ಸಾಗಿಸುವ ಟ್ರೈಲರಿನ ಸಮೇತ ತಾವು ನಮ್ಮ ಹಿತ್ತಲಿಗೆ ಬಂದಿರಿ. ಅಂದಿನಿಂದ ನನ್ನ ಬಾಗಿಲು ಕಿಟಕಿಗಳು, ಊರವರ ಕೆಟ್ಟು ನಿಂತ ಕಾರುಗಳು, ಒಮ್ಮೆ ಕೆಸರಿನಲ್ಲಿ ಹೂತುಹೋದ ಅಗ್ನಿಶಾಮಕದವರ ವಾಹನ, ಹೀಗೆ ಏನನ್ನು ಕೊಂಡಿಗೆ ಸಿಕ್ಕಿಸಿದರೂ ತಾವು ಉಸಿರೆತ್ತದೆ ಎಳೆದಿದ್ದೀರಿ. ಉಸಿರೆತ್ತದೆ ಎಂದದ್ದು ತಪ್ಪಾಯಿತು. ಎಳೆಯುವಾಗ ತಾವು ಬಿಡುವ ಕರಿ ಉಸಿರು ಹಿಂದೆ ಬರುವವರ ಮುಖಚಹರೆಯನ್ನೇ ಬದಲಿಸುತ್ತದೆ. ಬೆಳಗಿನ ಚಳಿಯಲ್ಲಿ ತಮ್ಮನ್ನು ಎಬ್ಬಿಸುವುದಂತೂ ಒಂದು ದೊಡ್ಡ ಸೇವೆ: ಕೀಲಿ ಅರ್ಧ ತಿರುಗಿಸಿ, ಹೀಟರಿನ ಕೆಂಪು ದೀಪ ಹೊತ್ತಿದ್ದನ್ನು ನೋಡಿ, ಅದು ಆರುವವರೆಗೆ ಕೈಕಟ್ಟಿ ಕಾದು, ಆರಿದ ಮೇಲೂ ತಮ್ಮ ಮರ್ಯಾದೆಗೆಂದು ಇನ್ನಷ್ಟು ಕಾದು, ಆಮೇಲೆ ಪೂರ್ತಿ ತಿರುಗಿಸಿದರೆ ತಾವು ಒಮ್ಮೆ ಕೆಮ್ಮಿ, ಇಡೀ ಓಣಿಗೆ ಬಿಳಿ ಹೊಗೆ ತುಂಬಿ, ಪಕ್ಕದ ಮನೆಯ ಟೀಚರಮ್ಮ ಒಗೆದು ಹರವಿದ ಬಟ್ಟೆಗಳನ್ನು ಮತ್ತೊಮ್ಮೆ ಒಗೆಯುವಂತೆ ಮಾಡಿ, ಕೊನೆಗೆ ಎದ್ದು ಕೂರುತ್ತೀರಿ.

ತಮಗೆ ಮೇಸ್ತ್ರಿಯವರ ಮೇಲೆ ಇರುವ ಭಯಭಕ್ತಿಯನ್ನೂ ಮೆಚ್ಚಲೇಬೇಕು. ಯಾವ ಕೆಲಸಕ್ಕೆ ಕರೆದರೂ "ನಾಳೆ" ಎನ್ನುವ ಕಾರಣಕ್ಕೆ ಊರೆಲ್ಲ 'ನಾಳೆ ಮೇಸ್ತ್ರಿ' ಎಂದೇ ಕರೆಯುವ ಆ ಮಹನೀಯರ ಗ್ಯಾರೇಜಿನ ಬಾಗಿಲು ದಾಟಿದ ಕೂಡಲೇ ತಾವು ಅದುವರೆಗೆ ಮಾಡುತ್ತಿದ್ದ ಸದ್ದನ್ನೆಲ್ಲ ನುಂಗಿಕೊಂಡು ಹೊಸ ಗಾಡಿಯಂತೆ ಗುನುಗುತ್ತೀರಿ. ಆಗ ನಾನೇ "ಟಕ್ ಟಕ್ ಟಕ್, ಆಮೇಲೆ ಕಿರ್ರ್" ಎಂದು ಬಾಯಲ್ಲಿ ಮಾಡಿ ತೋರಿಸಬೇಕು. ಕಳೆದ ಸಲ ಗ್ಯಾರೇಜಿನವರೆಲ್ಲ ಕೈಕೆಲಸ ಬಿಟ್ಟು ಬಂದು ಸುತ್ತ ನಿಂತು, ಇನ್ನೊಂದು ಸಲ ಮಾಡಿ ಸಾರ್ ಎಂದು ಕೇಳಿಕೊಂಡರು, ಮಾಡಿದೆ. ತಮ್ಮ ರೋಗ ಪತ್ತೆಯಾಗಲಿಲ್ಲ, ನನ್ನ ಪ್ರತಿಭೆ ಮಾತ್ರ ಬೆಳಕಿಗೆ ಬಂತು.

ಇಷ್ಟು ಕಾಲ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡವನು ಈಗ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ, ಅತ್ತೆಯವರನ್ನು ನಾದಿನಿಯ ಮನೆಗೆ ತಲುಪಿಸುವ ಸಂದರ್ಭದಲ್ಲಿ ತಾವು ನಡೆದುಕೊಂಡ, ಅಥವಾ ಸರಿಯಾಗಿ ಹೇಳುವುದಾದರೆ ನಡೆಯದೆ ನಿಂತುಕೊಂಡ, ರೀತಿ.

ನನ್ನ ಹೆಂಡತಿಯ ತಂಗಿ ಚೊಚ್ಚಲ ಬಸುರಿಯೆಂಬುದು ತಮಗೆ ಗೊತ್ತಿತ್ತು. ತಮ್ಮ ಮುಂದೆಯೇ ಅಲ್ಲವೇ ಅತ್ತೆಯವರು ಹಸುವಿಗೆ ದಿನವೂ ಆ ವರದಿ ಒಪ್ಪಿಸುತ್ತಿದ್ದದ್ದು? ನಾದಿನಿಯ ಮನೆ ಬೆಟ್ಟದ ಏರುದಾರಿಯ ಆಚೆ. ಅವಳ ಗಂಡ, ಅಂದರೆ ನನ್ನ ಷಡ್ಡಕ, ತನ್ನ ಹೊಸ ಕಾರಿನಲ್ಲಿ ಬಂದು ಕರೆದೊಯ್ಯುತ್ತೇನೆಂದ. ಅತ್ತೆಯವರು "ಹಸು ಎಲ್ಲಿ ಕೂತ್ಕೊಳ್ಳುತ್ತೆ? ಹಿಂದಿನ ಸೀಟಲ್ಲಾ?" ಎಂದು ಕೇಳಿ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಬಾಣಂತಿಗೆ ಪ್ಯಾಕೆಟ್ ಹಾಲು ಕುಡಿಸುವುದು ಅವರ ದೃಷ್ಟಿಯಲ್ಲಿ ಅಪರಾಧ. ಆದ್ದರಿಂದ ಟ್ರೈಲರ್ ಎಳೆಯಲು ತಾವೇ ಆಗಬೇಕಿತ್ತು. ಹಸುವಿನ ಆಚೆಗೂ ಒಂದು ಸಂಗತಿಯಿತ್ತು, ಅದನ್ನು ಅತ್ತೆಯವರು ಅಡುಗೆಮನೆಯಲ್ಲಿ ಒಮ್ಮೆ ನನ್ನ ಹೆಂಡತಿಗೆ ಬಾಯಿಬಿಟ್ಟು ಹೇಳಿದರು: "ನಿನ್ನ ಹೆರಿಗೆಗೆ ನಾನು ಬರೋ ಹೊತ್ಗೆ ಎಲ್ಲಾ ಮುಗಿದಿತ್ತು. ನೀನು ಅಮ್ಮಾ ಅಂತ ಕೂಗಿದ್ಯಂತೆ. ಇವಳಿಗಾದ್ರೂ ನಾನು ಪಕ್ಕದಲ್ಲಿರ್ಬೇಕು ಕಣೇ."

ಹೊರಡಬೇಕಾದ ಬೆಳಿಗ್ಗೆ ಹಸು ಸಿದ್ಧವಾಗಿ ಟ್ರೈಲರ್ ಏರಿ ಮೆಲುಕು ಹಾಕುತ್ತಿತ್ತು, ಅತ್ತೆಯವರು ಗಂಟುಮೂಟೆ ಸಮೇತ ಒಳಗೆ ಕೂತಿದ್ದರು, ನಾನು ಕೀಲಿ ತಿರುಗಿಸಿದೆ, ತಾವು ಜಪ್ಪಯ್ಯ ಎಂದರೂ ಏಳಲಿಲ್ಲ. ಬ್ಯಾಟರಿ ಗಟ್ಟಿಯಾಗಿತ್ತು, ಹೀಟರ್ ದೀಪ ಹೊತ್ತಿ ಆರಿತ್ತು, ಎಂಜಿನ್ ಗರಗರ ತಿರುಗಿತು, ಆದರೆ ಹೊತ್ತಿಕೊಳ್ಳಲೊಲ್ಲದು. ಹಿಂದಿನ ದಿನವಷ್ಟೇ ಡೀಸೆಲ್ ಫಿಲ್ಟರ್ ಬಿಚ್ಚಿ ನೀರು ಬಸಿದು ಶುಚಿ ಮಾಡಿದ್ದೆ. ಅದಕ್ಕೆ ಪ್ರತಿಯಾಗಿ ಸಿಕ್ಕ ಬಹುಮಾನ ಇದು.

ಇಲ್ಲಿಂದ ಮುಂದಿನದು ತಮ್ಮೊಬ್ಬರ ತಪ್ಪಲ್ಲ, ಕನ್ನಡ ಭಾಷೆಯದೂ ಪಾಲಿದೆ. ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ಒಂದಕ್ಷರವೂ ಆಚೀಚೆ ಮಾಡದೆ ಪಾಲಿಸುವ ಅಭ್ಯಾಸದವನು. ಅವನು ನಾಳೆ ಮೇಸ್ತ್ರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದ. ಮೇಸ್ತ್ರಿಯವರು ಲಕ್ಷಣ ಕೇಳಿ, ಬಾಯಲ್ಲೇನೋ ಅಗಿಯುತ್ತ, "ಗಾಳಿ ಹೊಕ್ಕಿದೆ. ಮೊದ್ಲು ಗಾಳಿ ಬಿಡಿಸ್ಬೇಕು. ನಾಳೆ ಬರ್ತೀನಿ" ಎಂದು ಇಟ್ಟುಬಿಟ್ಟರು.

ಗಾಳಿ ಎಂಬ ಎರಡಕ್ಷರ ಒಂದು ಮನೆಯನ್ನು ಹೇಗೆ ಮೂರು ದಿಕ್ಕಿಗೆ ಓಡಿಸಬಲ್ಲದೆಂಬುದನ್ನು ತಾವು ಕಣ್ಣಾರೆ ಕಂಡಿರಿ. ನಾನು ತಿಳಿದವನಂತೆ ತಲೆಯಾಡಿಸಿ ತಮ್ಮ ಗಾಳಿಯ ಫಿಲ್ಟರನ್ನು ಬಿಚ್ಚಿಕೊಂಡು ಹಿತ್ತಲಿಗೆ ಹೋಗಿ ಕಲ್ಲಿಗೆ ಬಡಿದು ಧೂಳು ಕೊಡವುತ್ತ ಕೂತೆ. ತಿರುಗಿ ಬರುವಷ್ಟರಲ್ಲಿ ತಾವು ಎಂದಿಗಿಂತ ಗಿಡ್ಡವಾಗಿ, ನೆಲಕ್ಕೆ ಕುಕ್ಕರಿಸಿ ಕೂತಂತೆ ಕಾಣುತ್ತಿದ್ದಿರಿ. ಭಾವಮೈದ ಮೇಸ್ತ್ರಿಯ ಚೀಟಿಯನ್ನು ಅಕ್ಷರಶಃ ಪಾಲಿಸಿ ತಮ್ಮ ಎಲ್ಲ ಚಕ್ರಗಳ ಗಾಳಿ ಬಿಟ್ಟಿದ್ದ. ಸ್ಟೆಪ್ನಿಯನ್ನೂ ಬಿಟ್ಟಿರಲಿಲ್ಲ. "ಪೂರ್ತಿ ಬಿಟ್ಟಿದೀನಿ ಭಾವ, ಒಂಚೂರೂ ಉಳಿದಿಲ್ಲ" ಎಂದು ಹೆಮ್ಮೆಯಿಂದ ಹೇಳಿದ. ನಾನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತೆ. ಟ್ರೈಲರಿನೊಳಗಿಂದ ಹಸು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿತು.

ಅತ್ತೆಯವರು ಮಾತ್ರ ಗಾಳಿ ಎಂದರೆ ಏನೆಂದು ಒಂದು ಕ್ಷಣವೂ ಅನುಮಾನಿಸಲಿಲ್ಲ. ಗಾಳಿ ಹೊಕ್ಕಿದೆ, ಬಿಡಿಸಬೇಕು ಎಂದರೆ ಅವರ ಕಿವಿಗೆ ಒಂದೇ ಅರ್ಥ. ಮತ್ತು ಮಾವನವರ ಗಾಡಿಯೊಳಗೆ ಹೊಗುವ ಹಕ್ಕು ಇರುವ ಗಾಳಿ ಲೋಕದಲ್ಲಿ ಒಂದೇ. ಅವರು ಹೆದರಲಿಲ್ಲ, ಅಳಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಖುದ್ದಾಗಿ ಮೇಸ್ತ್ರಿಗೆ ಫೋನು ಮಾಡಿದರು. ಏನು ಹೇಳಿದರೋ ನಾನರಿಯೆ. ನಾಳೆ ಮೇಸ್ತ್ರಿಯವರು ಜೀವಮಾನದಲ್ಲಿ ಮೊದಲ ಬಾರಿಗೆ ಇವತ್ತೇ ಬಂದರು.

ಅಷ್ಟರಲ್ಲಿ ನಾದಿನಿಯ ಫೋನು. "ಅಮ್ಮಾ, ಸೊಂಟ ಯಾಕೋ ತುಂಬಾ ನೋಯ್ತಿದೆ. ಡಾಕ್ಟರು ಇನ್ನೂ ವಾರ ಇದೆ ಅಂದಿದ್ರು. ಯಾವಾಗ್ ಹೊರಡ್ತೀಯ?" ಅತ್ತೆಯವರು "ಹೊರಟೇಬಿಟ್ವಿ ಕಣಮ್ಮ, ದಾರೀಲಿದೀವಿ" ಎಂದರು. ಚಕ್ರಗಳಲ್ಲಿ ಗಾಳಿಯಿಲ್ಲದ, ಡೀಸೆಲ್ ಕೊಳವೆಯಲ್ಲಿ ಗಾಳಿ ತುಂಬಿದ ವಾಹನದ ಪಕ್ಕ ನಿಂತು ಹೇಳಿದ ಆ ಸುಳ್ಳನ್ನು ಕೇಳಿ ನನ್ನ ಹೆಂಡತಿ ಮುಖ ತಿರುಗಿಸಿಕೊಂಡಳು. ನಮ್ಮ ಮಗುವಿಗೆ ಶಾಲೆಯ ಪರೀಕ್ಷೆ ಇದ್ದದ್ದರಿಂದ ಅವಳು ಜೊತೆಗೆ ಬರುವಂತಿರಲಿಲ್ಲ, ಅವಳಿಗೆ ಅದೊಂದು ಸಂಕಟ.

ಭಾವಮೈದ ಕಾಲುಪಂಪು ಹಿಡಿದು ತಾನು ಬಿಟ್ಟ ಗಾಳಿಯನ್ನು ಬೆವರು ಸುರಿಸಿ ವಾಪಸು ತುಂಬುತ್ತಿದ್ದ. ಮೇಸ್ತ್ರಿಯವರು ಡೀಸೆಲ್ ಬರುವ ರಬ್ಬರ್ ಕೊಳವೆಯ ಸಣ್ಣ ಬಿರುಕನ್ನು ಪತ್ತೆಮಾಡಿದರು, ನಾನು ಹಿಂದಿನ ದಿನ ಫಿಲ್ಟರ್ ಬಿಚ್ಚುವಾಗ ಅದನ್ನು ಜಗ್ಗಿದ್ದೆನೆಂದೂ ಎಲ್ಲರಿಗೂ ಕೇಳುವಂತೆ ಹೇಳಿದರು. ಕೊಳವೆ ಬದಲಿಸಿ, ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪನ್ನು ಒತ್ತತೊಡಗಿದರು. ಬುಸುಬುಸು ಎಂದು ನೊರೆ ಬರಲಾರಂಭಿಸಿತು. ಸರಿಯಾಗಿ ಆ ಹೊತ್ತಿಗೆ ಅತ್ತೆಯವರು ತಮ್ಮ ಮುಂದೆ ಬಂದು, ಎರಡು ದೀಪಗಳ ನಡುವೆ ನೇರ ನೋಡುತ್ತ, "ರೀ" ಎಂದರು. ನಾನು, ಹೆಂಡತಿ ಕರೆದಳೆಂದುಕೊಂಡು, "ಏನು?" ಎಂದೆ. ಯಾರೂ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ರೀ, ದೊಡ್ಡೋಳ ಹೆರಿಗೆಗೆ ಹೊರಟಾಗ್ಲೂ ಹೀಗೇ ಮಾಡಿದ್ರಿ. ಹತ್ತು ಕಡೆ ಇಳಿದು ಕೊಂಡಿ ಸರಿಯಾಗಿದ್ಯಾ, ಚಕ್ರ ಬಿಸಿಯಾಗಿದ್ಯಾ ಅಂತ ಮುಟ್ಟಿ ಮುಟ್ಟಿ ನೋಡಿ ತಡ ಮಾಡಿದ್ರಿ. ಆಗ ನಾನೊಂದು ಮಾತಾಡ್ಲಿಲ್ಲ. ಈ ಸಲ ಸುಮ್ನಿರಲ್ಲ. ನಾನು ಹೋಗೋದು ಇಷ್ಟ ಇಲ್ವೋ, ಒಬ್ರೇ ಇರೋಕೆ ಬೇಜಾರೋ, ಏನೇ ಇದ್ರೂ ಆಮೇಲೆ ಮಾತಾಡೋಣ. ಈಗ ಹೊರಡಿ."

ಮಾವನವರು ಹೋದ ಮೇಲೆ ಆ ಬಾಯಿಂದ ಆ ಕರೆಯನ್ನು ನಾನು ಕೇಳಿಯೇ ಇರಲಿಲ್ಲ. ಗಾಳಿಯ ಬಗ್ಗೆ ವಿವರಿಸಲು ಬಾಯಿ ತೆರೆದವನು ಮುಚ್ಚಿಕೊಂಡೆ. ಮೇಸ್ತ್ರಿಯವರು ತಿರುಪು ಬಿಗಿದು, ನನಗೆ ಸನ್ನೆ ಮಾಡಿದರು. ಕೀಲಿ ತಿರುಗಿಸಿದೆ. ತಾವು ಒಂದೇ ಏಟಿಗೆ ಎದ್ದಿರಿ. ಯಾರು ಗಾಳಿ ಬಿಡಿಸಿದರೆಂಬ ವಿಚಾರದಲ್ಲಿ ಮೇಸ್ತ್ರಿಯವರಿಗೂ ಅತ್ತೆಯವರಿಗೂ ಇವತ್ತಿನವರೆಗೂ ಒಮ್ಮತವಿಲ್ಲ.

ಏರುದಾರಿಯಲ್ಲಿ ತಾವು ತೋರಿದ ಗಾಂಭೀರ್ಯವನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ. ನಮ್ಮನ್ನು ಲಾರಿಗಳು ದಾಟಿದವು, ಟ್ರ್ಯಾಕ್ಟರ್ ದಾಟಿತು, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ತುಂಬ ದೂರ ನಮಗೆ ಜೊತೆಯಾಗಿದ್ದು ಆಮೇಲೆ ಬೇಸತ್ತು ಮುಂದೆ ಹೋದ. ಬಿಸಿಯ ಮುಳ್ಳು ಕೆಂಪಿಗೆ ಏರಿತು. ಎಂಜಿನ್ನಿನ ಶಾಖವನ್ನು ಬೇರೆಡೆಗೆ ಎಳೆಯಲು ಇರುವ ಉಪಾಯ ಒಂದೇ ಎಂದು, ಆ ಉರಿಬಿಸಿಲಿನಲ್ಲಿ ಕ್ಯಾಬಿನ್ನಿನ ಹೀಟರನ್ನು ಪೂರ್ತಿ ತಿರುಗಿಸಿದೆ. ಜೊತೆಗೆ ಹೊರಟಿದ್ದ ಭಾವಮೈದನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅತ್ತೆಯವರು ಮಾತ್ರ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ, "ಇರ್ಲಿ ಬಿಡಿ, ಅವ್ರಿಗೆ ಮೊದ್ಲಿಂದ್ಲೂ ಚಳಿ ಜಾಸ್ತಿ. ಫ್ಯಾನ್ ಹಾಕಿದ್ರೆ ಆಗ್ತಿರ್ಲಿಲ್ಲ" ಎಂದರು. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ, ಬ್ರೇಕು ಕಾಯದಂತೆ, ಹಸುವಿಗೆ ಒಂದಿಷ್ಟೂ ಜೋಲಿ ತಪ್ಪದಂತೆ ತಾವು ಇಳಿದದ್ದನ್ನು ನಾನು ಮನಸಾರೆ ಹೊಗಳುತ್ತೇನೆ. ಟ್ರೈಲರಿನ ದೀಪಗಳು ನಾನು ಎಡಕ್ಕೆಂದಾಗ ಬಲಕ್ಕೆಂದು ಲೋಕಕ್ಕೆ ಸಾರುತ್ತಿದ್ದುದನ್ನು ಈ ಸಂದರ್ಭದಲ್ಲಿ ಎತ್ತುವುದಿಲ್ಲ.

ಷಡ್ಡಕನ ಗೇಟಿನ ಮುಂದೆ ಟ್ರೈಲರನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ನಾನು ಸ್ಟೇರಿಂಗನ್ನು ಯಾವ ಕಡೆ ತಿರುಗಿಸಿದರೂ ಅದು ಬೇಡವೆಂದ ಕಡೆಗೇ ಹೋಗಿ, ಕೊನೆಗೆ ಗೇಟಿಗೆ ಅಡ್ಡಲಾಗಿ, ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡಿತು. ಷಡ್ಡಕನ ಹೊಸ ಕಾರು ಒಳಗೆ, ಹಸು ನಡುವೆ, ನಾವು ಹೊರಗೆ. ಅದೇ ಹೊತ್ತಿಗೆ ಮನೆಯೊಳಗಿಂದ ನಾದಿನಿ "ಅಮ್ಮಾ" ಎಂದು ಕೂಗಿದಳು. ನಾನು ಎಂಜಿನ್ ನಿಲ್ಲಿಸಲು ಸ್ಟಾಪ್ ಗುಂಡಿಯನ್ನು ಎಳೆದೆ, ತಾವು ಕೀಲಿಯ ಮಾತು ಕೇಳುವವರಲ್ಲವಲ್ಲ; ಗುಂಡಿ ತನ್ನ ತಂತಿಯ ಸಮೇತ ನನ್ನ ಕೈಗೆ ಬಂತು. ತಾವು ಓಡುತ್ತಲೇ ಇದ್ದಿರಿ.

ಮಾನ್ಯರೇ, ಆ ಕ್ಷಣದಲ್ಲಿ ನಾನು ತಮ್ಮನ್ನು ಬೈದ ಮಾತುಗಳನ್ನು ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತೇನೆ. ಏಕೆಂದರೆ ಅತ್ತೆಯವರು ಮಗಳನ್ನು ತಬ್ಬಿ ಹಿಡಿದು ಹೊರಗೆ ಕರೆತಂದು, ಕಾರನ್ನು ಕಡೆಗಣ್ಣಲ್ಲೂ ನೋಡದೆ, "ಇದು ಹೊರಟೇ ನಿಂತಿದೆಯಲ್ಲ, ನಡೀರಿ" ಎಂದರು. ಕೊಂಡಿ ಕಳಚಿದೆವು. ಹಸುವನ್ನು ಭಾವಮೈದನಿಗೂ ಭಾವಮೈದನನ್ನು ಹಸುವಿಗೂ ಒಪ್ಪಿಸಿದೆವು. ಷಡ್ಡಕ ಚೀಲ ಹಿಡಿದು ಹಿಂದೆ ಹಸುವಿಗೆಂದು ತುಂಬಿದ್ದ ಹುಲ್ಲಿನ ಮೇಲೆ ಕೂತ. ನಾದಿನಿ ತನ್ನಮ್ಮನ ಭುಜಕ್ಕೆ ಒರಗಿದಳು, ಮತ್ತು ತಾವು ನಾನೆಂದೂ ಕಾಣದ ಮೃದುತ್ವದಿಂದ, ಒಂದು ಗುಂಡಿಗೂ ಬೀಳದೆ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದಿರಿ. ನಿಲ್ಲಿಸಿದಿರಿ ಎಂಬುದು ಮಾತಿಗೆ. ಅಂಗಳದಲ್ಲಿ ತಾವು ಗುಡುಗುಡಿಸುತ್ತಲೇ ಇದ್ದಿರಿ. ನರ್ಸಮ್ಮ ಕಿಟಕಿಯಿಂದ "ಯಾರ್ದ್ರೀ ಅದು ಗಾಡಿ? ಆಫ್ ಮಾಡಿ" ಎಂದರು. ಆಫ್ ಆಗಲ್ಲಮ್ಮ ಎಂದೆ. "ಆಫ್ ಆಗ್ದೇ ಇರೋ ಗಾಡಿ ಯಾಕ್ರೀ ತರ್ತೀರಾ?" ಎಂದು ಕಿಟಕಿ ಮುಚ್ಚಿದರು. ಮೇಸ್ತ್ರಿಗೆ ಫೋನು ಮಾಡಿದರೆ, "ಓಡ್ತಾ ಇದೆಯಲ್ಲ, ಮತ್ತೇನು? ನಾಳೆ ನೋಡೋಣ" ಎಂದರು. ಗೇರಿಗೆ ಹಾಕಿ ಕ್ಲಚ್ ಬಿಟ್ಟು ಉಸಿರು ಕಟ್ಟಿಸೋಣವೆಂದರೆ, ತಾವು ಮುಂದೆ ನೆಗೆದು ಎರಡು ಹೂಕುಂಡಗಳನ್ನು ಸ್ಥಳಾಂತರಿಸಿದಿರಿ. ಕೈಬಿಟ್ಟೆ.

ಸಂಜೆಯ ಬಿಸಿಲು ಇಳಿಯುವ ಮೊದಲು ಅತ್ತೆಯವರು ಹೊರಗೆ ಬಂದರು. ನನ್ನ ಕಡೆಗೆ ಬರುತ್ತಾರೆಂದು ಎದ್ದು ನಿಂತೆ. ಅವರು ನನ್ನನ್ನು ದಾಟಿ ತಮ್ಮ ಹತ್ತಿರ ಬಂದು, ಬಿಸಿಯಾಗಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಹೆಣ್ಣು ಮಗು ರೀ. ಇಬ್ರೂ ಚೆನ್ನಾಗಿದಾರೆ. ಅವಳು ನನ್ ಕೈ ಬಿಡ್ಲೇ ಇಲ್ಲ" ಎಂದರು. ಬಾನೆಟ್ಟನ್ನೊಮ್ಮೆ ತಟ್ಟಿ, "ಸಾಕು, ಇನ್ನು ಸುಮ್ನಾಗಿ. ಮಗು ಮಲಗಿದೆ" ಎಂದರು. ತಾವು ಎರಡು ಸಲ ಬಿಕ್ಕಿ, ಸುಮ್ಮನಾದಿರಿ.

ನಾನು ಮರಗೆಲಸದವನು, ಕಣ್ಣಿಗೆ ಕಂಡದ್ದನ್ನು ಅಳೆದು ನೋಡುವ ಚಟ. ಅತ್ತೆಯವರು ಒಳಗೆ ಹೋದ ಮೇಲೆ ಡೀಸೆಲ್ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟೆ. ಕಡ್ಡಿ ಒಣಗಿದ್ದೇ ಮೇಲೆ ಬಂತು. ಅದನ್ನು ಕಾಂಪೌಂಡಿನಾಚೆ ಎಸೆದು ಕೈ ಒರೆಸಿಕೊಂಡೆ, ಯಾರಿಗೂ ಹೇಳಲಿಲ್ಲ.

ಮರುದಿನ ಷಡ್ಡಕನ ಹೊಸ ಕಾರು ತಮ್ಮನ್ನು ಹಗ್ಗ ಕಟ್ಟಿ ಅವನ ಅಂಗಳಕ್ಕೆ ಎಳೆದೊಯ್ದಿತು. ಎಷ್ಟೋ ಗಾಡಿಗಳನ್ನು ಎಳೆದ ತಮಗೆ ಆ ಅನುಭವ ಹೇಗಿತ್ತೆಂದು ಕೇಳುವಷ್ಟು ಕಟುಕ ನಾನಲ್ಲ. ನಾನು ಬಸ್ಸಿನಲ್ಲಿ ಮರಳಿದೆ. ಈಗ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ, ತಾವು ದಯಮಾಡಿ ಬೇಗ ಹಿಂದಿರುಗಬೇಕು. ಬರುವಾಗ ಕೆಡುವ ಯೋಚನೆಯಿದ್ದರೆ ಹಿಂದಿನ ದಿನವೇ ತಿಳಿಸಬೇಕು. ಕಿರ್ರ್ ಎಂಬ ಸದ್ದನ್ನು ಒಮ್ಮೆಯಾದರೂ ಮೇಸ್ತ್ರಿಯ ಸಮಕ್ಷಮದಲ್ಲಿ ಮಾಡಿ ನನ್ನ ಗೌರವ ಕಾಪಾಡಬೇಕು. ಮತ್ತು ಟೀಚರಮ್ಮ ಬಟ್ಟೆ ಒಣಹಾಕುವ ದಿನಗಳಲ್ಲಿ ಉಸಿರು ಬಿಗಿಹಿಡಿಯಬೇಕು.

ಆದರೆ ಇವಾವುದೂ ಸದ್ಯಕ್ಕೆ ನಡೆಯುವಂತಿಲ್ಲ. ಡೀಸೆಲ್ ಪೂರ್ತಿ ಬರಿದಾದರೆ ಕೊಳವೆಗೆ ಮತ್ತೆ ಗಾಳಿ ಹೊಗುತ್ತದೆ. ಬಂದು ಬಿಡಿಸುತ್ತೇನೆಂದು ನಾಳೆ ಮೇಸ್ತ್ರಿಯವರು ಒಪ್ಪಿಕೊಂಡು, ಆಶ್ಚರ್ಯವೆಂದರೆ ಹೇಳಿದ ದಿನವೇ ಬೆಟ್ಟ ಹತ್ತಿ ಹೋಗಿಯೂ ಹೋದರು. ತಿರುಪುಳಿ ಕೈಗೆತ್ತಿಕೊಂಡವರನ್ನು ಅತ್ತೆಯವರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಲ್ಲಿಂದಲೇ ತಡೆದರಂತೆ.

"ಬಿಡಿಸ್ಬೇಡಿ ಮೇಸ್ತ್ರೀ. ನಾಲ್ಕು ದಿನ ಇರ್ಲಿ. ಮೊಮ್ಮಗಳನ್ನ ನೋಡ್ಕೊಂಡು ಬರ್ತಾರೆ."

ಹಾಗಾಗಿ ನಾಲ್ಕು ದಿನವೆಂದರೆ ಎಷ್ಟು ದಿನವೆಂದು ಯಾರನ್ನೂ ಕೇಳದೆ ನಾನು ಹಲಗೆ ಹೊರುತ್ತಿದ್ದೇನೆ.

ಇಂತಿ, ತಮ್ಮ ಎಣ್ಣೆ, ಹೊಗೆ ಮತ್ತು ಹಟಗಳಲ್ಲಿ ಸದಾ ಪಾಲುದಾರನಾದ,
ತಮ್ಮ ವಿಶ್ವಾಸಿ,
ಹೆಗಲು ಇಳಿದ ಬಡಗಿ

ಮರೆತಿದ್ದ ಮಾತು: ಕೂಸಿಗೆ ಯಾರ ಗುಣ ಬಂದಿದೆಯೆಂದು ಎರಡೂ ಮನೆಗಳಲ್ಲಿ ಚರ್ಚೆ ನಡೆದಿದೆ. ಬೆಳಿಗ್ಗೆ ಎಷ್ಟು ತಟ್ಟಿದರೂ ಏಳುವುದಿಲ್ಲವಂತೆ, ಎದ್ದಮೇಲೆ ಏನು ಮಾಡಿದರೂ ಸುಮ್ಮನಾಗುವುದಿಲ್ಲವಂತೆ, ಡಾಕ್ಟರ ಮುಂದೆ ಹಿಡಿದರೆ ಮಾತ್ರ ಸದ್ದೇ ಇಲ್ಲದೆ ನಗುತ್ತದಂತೆ. ನಮ್ಮ ಕಡೆಯವರಂತೂ ಹಾಗಿಲ್ಲ. ತಾವೇ ಯೋಚಿಸಿ ನೋಡಿ.